ಹಿಟ್ ಸಿಕ್ಕಿತು ಅಂತ ಕುಣಿಯುವ ಮೊದಲು: ಸಿಸ್ಟಿಕ್ ಫೈಬ್ರೋಸಿಸ್ ಔಷಧಿಗೆ ಸ್ಕ್ರೀನಿಂಗ್ ಮಾಡುವ ಬಗೆ

ನಮ್ಮ ಓಣಿಯ ಹುಡುಗಿಯೊಬ್ಬಳು ಎಂ.ಎಸ್ಸಿ ಮುಗಿಸಿ ಮುಂದಿನ ತಿಂಗಳು ಹೈದರಾಬಾದಿನ ಒಂದು ಲ್ಯಾಬಿಗೆ ಸೇರುತ್ತಿದ್ದಾಳೆ. ಸಿಸ್ಟಿಕ್ ಫೈಬ್ರೋಸಿಸ್ ರೋಗಕ್ಕೆ ಔಷಧಿ ಹುಡುಕುವ ಸ್ಕ್ರೀನಿಂಗ್ ಕೆಲಸ. ನಾನು ಒಂಬತ್ತು ವರ್ಷದಿಂದ ಅದೇ ಊರಲ್ಲಿ, ಬೇರೆ ಲ್ಯಾಬಿನಲ್ಲಿ, ಅದೇ ಕೆಲಸ ಮಾಡುತ್ತಿದ್ದೇನೆ. ಮೇ ತಿಂಗಳ ರಜೆಗೆ ಬೀದರಿಗೆ ಬಂದಿದ್ದೆ. ರಾತ್ರಿ ಕರೆಂಟ್ ಹೋಗಿತ್ತು. ಮಾಳಿಗೆ ಮೇಲೆ ಚಾಪೆ ಹಾಕಿಕೊಂಡು ಕೂತಾಗ ಅವಳು ಕೇಳಿದಳು, "ಅಕ್ಕಾ, ಲಕ್ಷ ಕೆಮಿಕಲ್‌ನಾಗ ಒಂದು ಔಷಧಿ ಹೆಂಗ ಹುಡುಕ್ತೀರಿ?" ಅವತ್ತು ಹೇಳಿದ್ದನ್ನೇ ಸ್ವಲ್ಪ ಸರಿಮಾಡಿ ಬರೆದಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವ ಬೇರೆಯವರಿಗೂ ಉಪಯೋಗಕ್ಕೆ ಬರಬಹುದು.

ಮೊದಲು ರೋಗದ ಬಗ್ಗೆ ಎರಡು ಮಾತು. ಬೇಸಿಗೆಯಲ್ಲಿ ನಮ್ಮ ಕಡೆ ಅಂಗಿಯ ಬೆನ್ನಿಗೆ ಬಿಳಿ ಉಪ್ಪು ಕಟ್ಟುತ್ತದಲ್ಲ, ಈ ರೋಗದ ದೊಡ್ಡ ಸುಳಿವು ಸಿಕ್ಕಿದ್ದೂ ಬಿಸಿಲಲ್ಲೇ. 1948ರಲ್ಲಿ ನ್ಯೂಯಾರ್ಕಿನಲ್ಲಿ ಬಿಸಿಗಾಳಿ ಬೀಸಿದಾಗ ಸುಸ್ತಾಗಿ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಇದ್ದವರು ಜಾಸ್ತಿ ಇದ್ದರು. ಅದರ ಜಾಡು ಹಿಡಿದು ಪಾಲ್ ಡಿ ಸ್ಯಾಂಟ್ ಆಗ್ನೀಸ್ ಮತ್ತು ಅವರ ಜೊತೆಗಾರರು 1953ರಲ್ಲಿ ಈ ಮಕ್ಕಳ ಬೆವರಿನಲ್ಲಿ ಉಪ್ಪು ಹೆಚ್ಚು ಎಂದು ತೋರಿಸಿದರು. ಇವತ್ತಿಗೂ ರೋಗ ಗುರುತಿಸುವುದು ಬೆವರಿನಿಂದಲೇ. ಉಪ್ಪಿನಲ್ಲಿರುವ ಕ್ಲೋರೈಡ್ ಬೆವರಿನ ಲೀಟರಿಗೆ 60 ಮಿಲಿಮೋಲ್ ಮುಟ್ಟಿದರೆ ರೋಗ ಇದೆ ಅಂತಲೇ ನೋಡುತ್ತಾರೆ.

1989ರಲ್ಲಿ ಕಾರಣವಾದ ಜೀನ್ ಸಿಕ್ಕಿತು. ಅದರ ಹೆಸರು ಸಿಎಫ್‌ಟಿಆರ್. ಇದು ಸೆಲ್ಲಿನ ಹೊರಪೊರೆಯಲ್ಲಿ ಕ್ಲೋರೈಡ್ ಹೋಗಿಬರುವ ಬಾಗಿಲನ್ನು ಮಾಡುತ್ತದೆ. ಆ ಬಾಗಿಲು ಕೆಟ್ಟರೆ ಶ್ವಾಸಕೋಶದ ಲೋಳೆ ಅಂಟಂಟಾಗಿ ಗಟ್ಟಿಯಾಗುತ್ತದೆ, ಮೇದೋಜೀರಕದ ನಾಳ ಕಟ್ಟಿಕೊಳ್ಳುತ್ತದೆ. ಎಲ್ಲಕ್ಕಿಂತ ಹೆಚ್ಚು ಜನರಲ್ಲಿ ಕಾಣುವ ತಪ್ಪು ಎಫ್508ಡೆಲ್. ಪ್ರೋಟೀನಿನ 1480 ಅಮೈನೋ ಆಮ್ಲಗಳಲ್ಲಿ 508ನೆಯದು ಮಾತ್ರ ಇರುವುದಿಲ್ಲ. ಅಷ್ಟಕ್ಕೇ ಬಾಗಿಲು ಡೊಂಕಾಗುತ್ತದೆ. ಡೊಂಕು ಬಾಗಿಲನ್ನು ಬಡಗಿ ಅಂಗಡಿಯಿಂದ ಆಚೆ ಕಳಿಸುವುದಿಲ್ಲ, ಅಲ್ಲೇ ಒಡೆದು ಒಲೆಗೆ ಹಾಕುತ್ತಾನೆ. ಸೆಲ್ಲೂ ಹಾಗೇ ಮಾಡುತ್ತದೆ. ಕಣ್ತಪ್ಪಿಸಿ ಒಂದೆರಡು ಬಾಗಿಲು ಗೋಡೆಗೆ ಬಂದು ಕೂತರೂ ಸರಿಯಾಗಿ ತೆರೆಯುವುದಿಲ್ಲ.

ಹಾಗಾಗಿ ಹುಡುಕಬೇಕಾದ ಔಷಧಿ ಎರಡು ಥರ. ಬಾಗಿಲನ್ನು ನೆಟ್ಟಗೆ ಮಾಡಿ ಗೋಡೆಯವರೆಗೆ ತಲುಪಿಸುವುದು ಕರೆಕ್ಟರ್. ಗೋಡೆಯಲ್ಲಿರುವ ಬಾಗಿಲನ್ನು ಹೆಚ್ಚು ಹೊತ್ತು ತೆರೆದಿಡುವುದು ಪೊಟೆನ್ಶಿಯೇಟರ್. ಜಿ551ಡಿ ಎಂಬ ತಪ್ಪಿನಲ್ಲಿ ಬಾಗಿಲು ಜಾಗದಲ್ಲೇ ಇರುತ್ತದೆ, ತೆರೆಯುವುದಿಲ್ಲ ಅಷ್ಟೇ. ಅಲ್ಲಿ ಪೊಟೆನ್ಶಿಯೇಟರ್ ಒಂದೇ ಸಾಕಾಗುತ್ತದೆ. ಯಾವುದನ್ನು ಹುಡುಕುತ್ತಿದ್ದೇವೆ ಎಂಬುದು ಮೊದಲ ದಿನವೇ ಗಟ್ಟಿಯಾಗಬೇಕು. ಎರಡರ ಕೆಲಸದ ಕ್ರಮವೇ ಬೇರೆ.

ಬೆಳಕು ಆರುವುದನ್ನು ನೋಡುವುದು

ಕ್ಲೋರೈಡ್ ಒಳಗೆ ಹೋಯಿತೋ ಇಲ್ಲವೋ ಎಂದು ಸಾವಿರಾರು ಸಲ ನೇರವಾಗಿ ಅಳೆಯುವುದು ಕಷ್ಟ. ಅದಕ್ಕೆ 2000ದ ಆಸುಪಾಸಿನಲ್ಲಿ ಲೂಯಿಸ್ ಗಾಲಿಯೆಟ್ಟಾ, ಅಲನ್ ವರ್ಕ್‌ಮನ್ ಮತ್ತು ಜೊತೆಗಾರರು ಒಂದು ಉಪಾಯ ಮಾಡಿದರು. ಹಳದಿ ಬೆಳಕು ಕೊಡುವ ವೈಎಫ್‌ಪಿ ಎಂಬ ಪ್ರೋಟೀನಿದೆ. ಅದರಲ್ಲಿ ಎರಡು ಕಡೆ ಬದಲಾವಣೆ ಮಾಡಿದರೆ ಅಯೋಡೈಡ್ ತಗುಲಿದ ಕೂಡಲೇ ಬೆಳಕು ಕುಂದುತ್ತದೆ. ಸಿಎಫ್‌ಟಿಆರ್ ಬಾಗಿಲು ಕ್ಲೋರೈಡಿನ ಜೊತೆ ಅಯೋಡೈಡನ್ನೂ ಬಿಡುತ್ತದೆ. ಸೆಲ್ಲಿನೊಳಗೆ ವೈಎಫ್‌ಪಿ ಇಟ್ಟು, ಹೊರಗಿಂದ ಅಯೋಡೈಡ್ ಸುರಿದು ನೋಡಬೇಕು. ಬೆಳಕು ಬೇಗ ಆರಿದರೆ ಬಾಗಿಲು ತೆರೆದಿದೆ. ಹಾಗೇ ಉರಿಯುತ್ತಿದ್ದರೆ ಮುಚ್ಚಿದೆ. ಬೆಳಕು ಆರಿದರೆ ಖುಷಿಪಡುವ ಕೆಲಸ ಬೀದರಿನವಳಾದ ನನಗೆ ಸಿಕ್ಕಿದ್ದು ತಮಾಷೆಯೇ.

ಸೆಲ್ ಯಾವುದು? ಇಲಿಯ ಥೈರಾಯ್ಡ್ ಗ್ರಂಥಿಯಿಂದ ಬಂದ ಎಫ್‌ಆರ್‌ಟಿ ಸೆಲ್. ಶ್ವಾಸಕೋಶದ ರೋಗಕ್ಕೆ ಇಲಿಯ ಥೈರಾಯ್ಡ್ ಯಾಕೆ ಅಂತ ಅವಳೂ ಕೇಳಿದಳು. ಈ ಸೆಲ್ಲಿಗೆ ತನ್ನದೇ ಆದ ಕ್ಲೋರೈಡ್ ಬಾಗಿಲುಗಳು ಬಹಳ ಕಡಿಮೆ. ನಾವು ಹಾಕಿದ ಮನುಷ್ಯರ ಸಿಎಫ್‌ಟಿಆರ್ ಏನು ಮಾಡುತ್ತದೋ ಅದೇ ಎದ್ದು ಕಾಣುತ್ತದೆ. ಬೇಗ ಬೆಳೆಯುತ್ತದೆ, ಒತ್ತೊತ್ತಾಗಿ ಹರಡಿಕೊಳ್ಳುತ್ತದೆ, ಜಗಳ ಕಡಿಮೆ.

ಮೂರು ದಿನದ ಕೆಲಸ

ಪ್ಲೇಟ್ ಅಂದರೆ 96 ಗುಳಿಗಳ ತಟ್ಟೆ. ಪಡ್ಡಿನ ಹಂಚನ್ನು ಅಂಗೈ ಅಗಲಕ್ಕೆ ಕುಗ್ಗಿಸಿದ ಹಾಗೆ. ಗೋಡೆ ಕಪ್ಪು, ತಳ ಪಾರದರ್ಶಕ ಇರುವುದನ್ನೇ ತೆಗೆದುಕೊಳ್ಳಿ. ಇಲ್ಲದಿದ್ದರೆ ಪಕ್ಕದ ಗುಳಿಯ ಬೆಳಕು ಸೋರುತ್ತದೆ. ಮೊದಲ ಮತ್ತು ಹನ್ನೆರಡನೆಯ ಸಾಲು ಕಂಟ್ರೋಲಿಗೆ, ಅಂದರೆ ಹೋಲಿಸಿ ನೋಡುವುದಕ್ಕೆ, ಬಿಟ್ಟರೆ 80 ಗುಳಿ ಉಳಿಯುತ್ತವೆ. ಒಂದು ಗುಳಿಗೆ ಒಂದು ಕೆಮಿಕಲ್.

ಮೊದಲ ದಿನ ಗುಳಿಗೆ ಸುಮಾರು 50,000 ಸೆಲ್ ಬಿತ್ತಿ. ಬಿತ್ತಿದ ಕೂಡಲೇ ಇನ್‌ಕ್ಯುಬೇಟರಿಗೆ ತಳ್ಳಬೇಡಿ. ಅದು ಸೆಲ್ಲುಗಳನ್ನು ಬೆಚ್ಚಗಿಡುವ ಪೆಟ್ಟಿಗೆ. ಅರ್ಧ ಗಂಟೆ ಮೇಜಿನ ಮೇಲೇ ಇರಲಿ, ಸೆಲ್ಲುಗಳು ಸಮನಾಗಿ ತಳಕ್ಕೆ ಇಳಿಯಲಿ. ನೇರ ಬಿಸಿಗೆ ಇಟ್ಟರೆ ಅಂಚಿನ ಗುಳಿಗಳಲ್ಲಿ ಅವು ಒಂದು ಬದಿಗೆ ಗುಂಪುಗೂಡುತ್ತವೆ.

ಕರೆಕ್ಟರ್ ಹುಡುಕುವುದಾದರೆ ಎರಡನೆಯ ದಿನ ಕೆಮಿಕಲ್ ಹಾಕಿ. ಸಾಮಾನ್ಯವಾಗಿ 10 ಮೈಕ್ರೋಮೋಲಾರ್. ಇಡೀ ದಿನ 37 ಡಿಗ್ರಿಯಲ್ಲಿ ಬಿಡಿ. ಡೊಂಕು ಬಾಗಿಲು ನೆಟ್ಟಗಾಗಿ ಪೊರೆಗೆ ಬರಲು ಅಷ್ಟು ಸಮಯ ಬೇಕು. ಮೂರನೆಯ ದಿನ ಮೂರು ಸಲ ತೊಳೆದು, ಫೋರ್ಸ್ಕೋಲಿನ್ ಜೊತೆಗೆ ಜೆನಿಸ್ಟೀನ್‌ನಂಥ ಗೊತ್ತಿರುವ ಪೊಟೆನ್ಶಿಯೇಟರ್ ಒಂದನ್ನು ಹಾಕಿ, ಕಾಲು ಗಂಟೆ ಕಾಯ್ದು ಓದಬೇಕು. ಫೋರ್ಸ್ಕೋಲಿನ್ ಸೆಲ್ಲಿನ ಒಳಗೆ ಸಂದೇಶ ಒಯ್ಯುವ ಸಿಎಎಂಪಿ ಎಂಬ ಅಣುವನ್ನು ಏರಿಸಿ ಬಾಗಿಲಿಗೆ 'ತೆರೆ' ಅಂತ ಹೇಳುತ್ತದೆ. ಹೇಳುವವರೇ ಇಲ್ಲದಿದ್ದರೆ ಒಳ್ಳೆ ಬಾಗಿಲೂ ತೆರೆಯುವುದಿಲ್ಲ.

ಪೊಟೆನ್ಶಿಯೇಟರ್ ಹುಡುಕುವುದಾದರೆ ಎರಡನೆಯ ದಿನ ಕೆಮಿಕಲ್ ಹಾಕುವುದಿಲ್ಲ. ಪ್ಲೇಟನ್ನು 27 ಡಿಗ್ರಿಗೆ ಇಳಿಸಿ 24 ಗಂಟೆ ಬಿಡುತ್ತೇವೆ. ತಂಪಿನಲ್ಲಿ ಎಫ್508ಡೆಲ್ ಪ್ರೋಟೀನ್ ತಾನಾಗೇ ಒಂದಷ್ಟು ಸರಿಯಾಗಿ ಮಡಚಿಕೊಂಡು ಪೊರೆಗೆ ಬರುತ್ತದೆ. ಈ ರೋಗದ ಜೀವಶಾಸ್ತ್ರದಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಇದು. ಪ್ರೋಟೀನ್ ಪೂರ್ತಿ ಕೆಟ್ಟಿಲ್ಲ, ಸುಧಾರಿಸಬಹುದು ಎಂಬ ಧೈರ್ಯ ಬಂದಿದ್ದೇ ಅಲ್ಲಿಂದ. ಆಮೇಲೆ ತೊಳೆದು, ಫೋರ್ಸ್ಕೋಲಿನ್ ಮತ್ತು ಪರೀಕ್ಷೆಯ ಕೆಮಿಕಲ್ ಒಟ್ಟಿಗೆ ಹಾಕಿ, ಕಾಲು ಗಂಟೆಯಲ್ಲಿ ಓದುತ್ತೇವೆ.

ಓದುವ ಹೊತ್ತು ನೋಡಲು ಚೆಂದ. ಗುಳಿಯಲ್ಲಿ 60 ಮೈಕ್ರೋಲೀಟರ್ ದ್ರವ ಇರುತ್ತದೆ. ಪ್ಲೇಟ್ ರೀಡರ್ ಎರಡು ಸೆಕೆಂಡ್ ಸುಮ್ನೆ ಬೆಳಕು ಅಳೆಯುತ್ತದೆ. ಪರದೆ ಮೇಲೆ ನೆಟ್ಟಗಿನ ಗೆರೆ. ಆಮೇಲೆ ಒಳಗಿನ ಸಿರಿಂಜ್ 165 ಮೈಕ್ರೋಲೀಟರ್ ಅಯೋಡೈಡ್ ದ್ರಾವಣ ಚಿಮ್ಮುತ್ತದೆ. ಅದರಲ್ಲಿ ಮಾಮೂಲಿ ಉಪ್ಪಿನ ಬದಲು 137 ಮಿಲಿಮೋಲಾರ್ ಸೋಡಿಯಂ ಅಯೋಡೈಡ್ ಇರುತ್ತದೆ. ಗುಳಿಯಲ್ಲಿ ಬೆರೆತ ಮೇಲೆ ಸರಿಸುಮಾರು 100ಕ್ಕೆ ಬರುತ್ತದೆ. ಮುಂದಿನ ಹನ್ನೆರಡು ಸೆಕೆಂಡ್ ಸೆಕೆಂಡಿಗೆ ಐದು ಸಲ ಓದು. ಕೆಟ್ಟ ಬಾಗಿಲಿನ ಗುಳಿಯಲ್ಲಿ ಗೆರೆ ಸೋಮಾರಿಯಾಗಿ ಇಳಿಯುತ್ತದೆ. ತೆರೆದ ಬಾಗಿಲಿನ ಗುಳಿಯಲ್ಲಿ ಬಾವಿಗೆ ಬಿಂದಿಗೆ ಬಿಟ್ಟ ಹಾಗೆ ಧಡಕ್ಕನೆ ಬೀಳುತ್ತದೆ. ನಾವು ಲೆಕ್ಕ ಹಾಕುವುದು ಆ ಇಳಿತದ ಶುರುವಿನ ವೇಗವನ್ನು. ಕೊನೆಗೆ ಎಷ್ಟು ಬೆಳಕು ಉಳಿಯಿತು ಎಂಬುದನ್ನು ಹಿಡಿಯಬೇಡಿ, ಸೆಲ್ ಎಷ್ಟಿದ್ದವು ಎಂಬುದರ ಮೇಲೆ ಅದು ಆಟ ಆಡುತ್ತದೆ.

ಅಯೋಡೈಡ್ ದ್ರಾವಣ ಇಟ್ಟಷ್ಟೂ ಹಳದಿಯಾಗುತ್ತದೆ. ಬಾಟಲಿಗೆ ಫಾಯಿಲ್ ಸುತ್ತಿ, ಅವತ್ತಿಗೆ ಅವತ್ತು ಮಾಡಿಕೊಳ್ಳಿ. ಪಿಎಚ್ ನೋಡಿಕೊಳ್ಳಿ, ವೈಎಫ್‌ಪಿ ಬೆಳಕು ಪಿಎಚ್‌ಗೂ ಏರುಪೇರಾಗುತ್ತದೆ. ಸಿರಿಂಜಿನ ವೇಗ ಜಾಸ್ತಿಯಾದರೆ ಸೆಲ್ಲುಗಳೇ ಕಿತ್ತು ಬರುತ್ತವೆ. ಆಗ ಬೆಳಕು ಕುಂದಿದ್ದು ಔಷಧಿಯಿಂದಲ್ಲ, ನಿಮ್ಮ ಅವಸರದಿಂದ.

ಮಣ್ಣು ಮೊದಲು

ಇಲ್ಲಿ ಸ್ವಲ್ಪ ಊರಿನ ಕಡೆ ತಿರುಗುತ್ತೇನೆ. ನಮ್ಮ ಎದುರು ಮನೆಯ ಚಾಚಾ ಬಿದ್ರಿ ಕೆಲಸದವರು. ಸತು, ತಾಮ್ರ ಬೆರೆಸಿ ಎರಕ ಹೊಯ್ದ ಹೂದಾನಿಗೆ ತಿಂಗಳುಗಟ್ಟಲೆ ಕೂತು ಬೆಳ್ಳಿ ತಂತಿ ಕೂರಿಸುತ್ತಿದ್ದರು. ಕೊನೆಗೆ ಅದು ಕಪ್ಪಾಗಬೇಕಾದದ್ದು ಕೋಟೆಯೊಳಗೆ ಮಳೆ, ಬಿಸಿಲು ತಾಗದ ಜಾಗದಿಂದ ತಂದ ಮಣ್ಣಿನಿಂದ. ಮಣ್ಣಿಗೆ ನವಸಾಗರ ಬೆರೆಸಿ ಕಾಯಿಸಿದ ನೀರು. ನವಸಾಗರ ಅಂದರೆ ಅಮೋನಿಯಂ ಕ್ಲೋರೈಡ್. ಅಲ್ಲೂ ಕ್ಲೋರೈಡ್ ನನ್ನನ್ನು ಬಿಟ್ಟಿಲ್ಲ ನೋಡಿ. ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಚಾಚಾ ಆ ಮಣ್ಣನ್ನು ಮೊದಲು ನಾಲಗೆ ಮೇಲೆ ಇಟ್ಟು ನೋಡುತ್ತಿದ್ದರು. ಆಮೇಲೆ ಒಂದು ಮುರುಕು ತುಂಡನ್ನು ಅದ್ದಿ ನೋಡುತ್ತಿದ್ದರು. "ಮಣ್ಣ ನೋಡ್ಲಾರ್ದೆ ಸಾಮಾನ ಹಾಕಿದ್ರ, ಸಾಮಾನೂ ಹೋತು, ಬೆಳ್ಳೀನೂ ಹೋತು" ಅನ್ನುತ್ತಿದ್ದರು.

ಸ್ಕ್ರೀನಿಂಗಿನಲ್ಲಿ ಆ ಮುರುಕು ತುಂಡೇ ಕಂಟ್ರೋಲ್. ಒಂದು ಸಾಲಿಗೆ ಬರೀ ಡಿಎಂಎಸ್‌ಒ. ಕೆಮಿಕಲ್‌ಗಳನ್ನು ಕರಗಿಸುವುದು ಅದರಲ್ಲೇ. ಇನ್ನೊಂದು ಸಾಲಿಗೆ ಕೆಲಸ ಮಾಡುತ್ತದೆ ಎಂದು ಗೊತ್ತಿರುವ ಔಷಧಿ: ಕರೆಕ್ಟರ್ ಆದರೆ ಲುಮಾಕಾಫ್ಟರ್, ಪೊಟೆನ್ಶಿಯೇಟರ್ ಆದರೆ ಐವಾಕಾಫ್ಟರ್. ಈ ಎರಡು ಸಾಲುಗಳ ನಡುವೆ ಸ್ಪಷ್ಟ ಅಂತರ ಇಲ್ಲದ ಪ್ಲೇಟಿನಲ್ಲಿ ಉಳಿದ 80 ಗುಳಿಗಳನ್ನು ಕಣ್ಣೆತ್ತಿಯೂ ನೋಡಬೇಡಿ.

ಅಂತರಕ್ಕೆ ಒಂದು ಅಳತೆ ಇದೆ, ಜಡ್ ಪ್ರೈಮ್ ಅಂತ. 1999ರಿಂದ ಎಲ್ಲರೂ ಬಳಸುತ್ತಾರೆ. ಎರಡೂ ಸಾಲುಗಳ ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚೆದುರಿವೆ ಎಂಬ ಅಳತೆ) ಕೂಡಿಸಿ, ಮೂರರಿಂದ ಗುಣಿಸಿ, ಸರಾಸರಿಗಳ ವ್ಯತ್ಯಾಸದಿಂದ ಭಾಗಿಸಿ, ಒಂದರಿಂದ ಕಳೆಯಿರಿ. ಲೆಕ್ಕ ನೋಡಿ. ಔಷಧಿ ಸಾಲಿನ ಸರಾಸರಿ 100, ಡೀವಿಯೇಶನ್ 6. ಡಿಎಂಎಸ್‌ಒ ಸಾಲು 20, ಡೀವಿಯೇಶನ್ 5. ಆರು ಮತ್ತು ಐದು ಹನ್ನೊಂದು, ಮೂರು ಪಟ್ಟು 33, ಎಂಬತ್ತರಿಂದ ಭಾಗಿಸಿದರೆ 0.41. ಒಂದರಿಂದ ಕಳೆದರೆ 0.59. ಅರ್ಧ ದಾಟಿದರೆ ಒಳ್ಳೆ ಪ್ಲೇಟ್. ಅದೇ ಸರಾಸರಿ ಇದ್ದು ಡೀವಿಯೇಶನ್ 12 ಮತ್ತು 9 ಆಗಿದ್ದರೆ 0.21ಕ್ಕೆ ಕುಸಿಯುತ್ತದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಕಣ್ಣನ್ನು ನಂಬಬಾರದು.

ನಾನು ನಂಬಿದ್ದೆ. ಎರಡನೆಯ ವರ್ಷ, ಏಪ್ರಿಲ್ ತಿಂಗಳು. ಒಂದೇ ಪ್ಲೇಟಿನಲ್ಲಿ ಹದಿನಾಲ್ಕು ಹಿಟ್, ಅಂದರೆ ಕೆಲಸ ಮಾಡಿದಂತೆ ಕಂಡ ಕೆಮಿಕಲ್. ಅವ್ವನಿಗೆ ಫೋನ್ ಮಾಡಿ ಏನೋ ದೊಡ್ಡದು ಸಿಕ್ಕಿದೆ ಅಂತ ಹೇಳಿಯೂ ಬಿಟ್ಟೆ. ಮರುದಿನ ಪಕ್ಕದ ಮೇಜಿನ ಸೀನಿಯರ್ ಆ ಅಂಕಿಗಳಿಗೆ ಪ್ಲೇಟಿನ ಆಕಾರದಲ್ಲೇ ಬಣ್ಣ ತುಂಬಿಸಿ ತೋರಿಸಿದರು. ಹದಿನಾಲ್ಕರಲ್ಲಿ ಹನ್ನೊಂದು ಮೇಲಿನ ಮತ್ತು ಕೆಳಗಿನ ಅಂಚಿನಲ್ಲೇ ಇದ್ದವು. ಇನ್‌ಕ್ಯುಬೇಟರಿನ ನೀರಿನ ತಟ್ಟೆ ಒಣಗಿತ್ತು. ತುಂಬಿಸುವ ಪಾಳಿ ನನ್ನದೇ. ಅಂಚಿನ ಗುಳಿಗಳ ನೀರು ಆರಿ, ಉಪ್ಪು ಗಟ್ಟಿಯಾಗಿ, ಸೆಲ್ಲುಗಳು ಕಂಗೆಟ್ಟಿದ್ದವು. ಅವ್ವ ಇವತ್ತಿಗೂ ಕೇಳುತ್ತಾಳೆ, "ಆ ಹದಿನಾಲ್ಕು ಔಷಧಿ ಏನಾದುವು?" ಅವತ್ತಿನಿಂದ ಪ್ರತಿ ಪ್ಲೇಟಿಗೂ ಬಣ್ಣ ತುಂಬಿ ನೋಡುತ್ತೇನೆ. ನಿಜವಾದ ಹಿಟ್‌ಗಳು ಅಲ್ಲೊಂದು ಇಲ್ಲೊಂದು ಚೆಲ್ಲಿದ ಹಾಗೆ ಇರುತ್ತವೆ. ಸಾಲಾಗಿ ನಿಂತಿದ್ದರೆ ಅನುಮಾನಪಡಿ.

ಸುಳ್ಳು ಹಿಟ್‌ಗಳು

2005ರಲ್ಲಿ ಪ್ರಕಟವಾದ ಒಂದು ಹೆಸರುವಾಸಿ ಕರೆಕ್ಟರ್ ಹುಡುಕಾಟದಲ್ಲಿ 1,50,000 ಕೆಮಿಕಲ್ ನೋಡಿದ್ದರು. ಪ್ಲೇಟಿಗೆ 80ರಂತೆ ಲೆಕ್ಕ ಹಾಕಿದರೆ 1,875 ಪ್ಲೇಟ್. ಅಷ್ಟು ಪ್ಲೇಟಿನಲ್ಲಿ ಸುಳ್ಳು ಹೇಳುವ ಗುಳಿಗಳು ಎಷ್ಟಿರಬಹುದು ಯೋಚಿಸಿ.

ಕೆಲವು ಕೆಮಿಕಲ್‌ಗಳಿಗೆ ತಮ್ಮದೇ ಬಣ್ಣ, ತಮ್ಮದೇ ಬೆಳಕು. ಕೆಲವು ಸೆಲ್ಲನ್ನೇ ಕೊಲ್ಲುತ್ತವೆ. ಕೆಲವು ಸಿಎಎಂಪಿ ಏರಿಸಿ ಫೋರ್ಸ್ಕೋಲಿನ್ ಮಾಡುವ ಕೆಲಸವನ್ನೇ ಮಾಡುತ್ತವೆ. ಇನ್ನು ಕೆಲವು ಬೇರೆ ಯಾವುದೋ ಬಾಗಿಲನ್ನು ತೆರೆಯುತ್ತವೆ. ಅದಕ್ಕೆ ಹಿಟ್ ಬಂದ ಮೇಲೆ ಹೀಗೆ ಮಾಡಿ: ಸಿಎಫ್‌ಟಿಆರ್ ಇಲ್ಲದ, ವೈಎಫ್‌ಪಿ ಮಾತ್ರ ಇರುವ ಎಫ್‌ಆರ್‌ಟಿ ಸೆಲ್ಲಿನಲ್ಲಿ ಅದೇ ಕೆಮಿಕಲ್ ಹಾಕಿ ನೋಡಿ. ಅಲ್ಲೂ ಬೆಳಕು ಬೇಗ ಆರಿದರೆ ಬಿಟ್ಟುಬಿಡಿ. ಆಮೇಲೆ ಸಿಎಫ್‌ಟಿಆರ್ ಐಎನ್ಎಚ್-172 ಎಂಬ ತಡೆಮದ್ದು ಜೊತೆಗೆ ಹಾಕಿ. ಹಿಟ್ ಸಾಚಾ ಆಗಿದ್ದರೆ ಬೆಳಕು ಆರುವ ವೇಗ ಮತ್ತೆ ಕುಗ್ಗಬೇಕು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಅಗ್ಗದ, ಅತಿ ಉಪಯೋಗದ ಪ್ರಯೋಗ ಇದು. ಫೋರ್ಸ್ಕೋಲಿನ್ ಇಲ್ಲದೆಯೂ ಒಮ್ಮೆ ನೋಡಿ. ಎಲ್ಲ ದಾಟಿದ ಕೆಮಿಕಲ್‌ನ ಹೊಸ ಪುಡಿ ತರಿಸಿ, ಎಂಟು ಬೇರೆ ಬೇರೆ ಪ್ರಮಾಣಗಳಲ್ಲಿ ಪರೀಕ್ಷಿಸಿ. ಲೈಬ್ರರಿಯ, ಅಂದರೆ ಕೆಮಿಕಲ್ ಸಂಗ್ರಹದ, ಹಳೇ ಪ್ಲೇಟಿನಲ್ಲಿ ವರ್ಷಗಟ್ಟಲೆ ಕೂತ ಕೆಮಿಕಲ್ ಹೆಸರಿನದ್ದೇ ಆಗಿ ಉಳಿದಿರುತ್ತದೆ ಅಂತ ಗ್ಯಾರಂಟಿ ಇಲ್ಲ.

ವೈಎಫ್‌ಪಿ ಒಂದೇ ದಾರಿಯೇನಲ್ಲ. ಪೊರೆಯ ವೋಲ್ಟೇಜ್ ಬದಲಾದರೆ ಬಣ್ಣ ಬದಲಿಸುವ ಡೈಗಳೂ ಇವೆ. 2012ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಐವಾಕಾಫ್ಟರ್ ಬಂದಿದ್ದು ಆ ದಾರಿಯಿಂದ. ವರ್ಟೆಕ್ಸ್ ಕಂಪನಿಯವರು ಸುಮಾರು 2,28,000 ಕೆಮಿಕಲ್ ಸೋಸಿ, ಸಿಕ್ಕಿದ್ದನ್ನು ವರ್ಷಗಟ್ಟಲೆ ತಿದ್ದಿ ಅದನ್ನು ಮಾಡಿದರು. ಹಿಟ್ ಎಂದರೆ ಔಷಧಿಯಲ್ಲ, ಔಷಧಿಯ ಬೀಜ.

ಕರೆಂಟ್ ಅಳೆಯುವುದು

ಬೆಳಕಿನ ಪರೀಕ್ಷೆ ದಾಟಿದವು ಉಸಿಂಗ್ ಚೇಂಬರಿಗೆ ಹೋಗುತ್ತವೆ. ಡೆನ್ಮಾರ್ಕಿನ ಹಾನ್ಸ್ ಉಸಿಂಗ್ ಕಪ್ಪೆಯ ಚರ್ಮದ ಮೇಲೆ ಕೆಲಸ ಮಾಡುತ್ತಾ 1950ರ ಆಸುಪಾಸಿನಲ್ಲಿ ಕಟ್ಟಿದ ಉಪಕರಣ. ಎರಡು ಅರ್ಧ ಡಬ್ಬಿ, ನಡುವೆ ಸೆಲ್ಲುಗಳ ಒಂದು ಪದರ. ಪದರ ದಾಟುವ ಅಯಾನುಗಳನ್ನು ಕರೆಂಟಾಗಿ ಅಳೆಯುತ್ತದೆ. ದಿನಕ್ಕೆ ಕೆಲವೇ ಸ್ಯಾಂಪಲ್ ಆಗುತ್ತವೆ. ಆದರೆ ಇದು ಸುಳ್ಳು ಹೇಳುವುದು ಕಡಿಮೆ.

ಇಲ್ಲಿ ಸೆಲ್ಲೂ ಬದಲಾಗಬೇಕು. ಇಲಿಯ ಸೆಲ್ಲಿನಲ್ಲಿ ಜೋರಾಗಿದ್ದ ಎಷ್ಟೋ ಕರೆಕ್ಟರ್‌ಗಳು ಮನುಷ್ಯರ ಶ್ವಾಸನಾಳದ ಸೆಲ್ಲಿನಲ್ಲಿ ಮಂಕಾಗಿವೆ. ಕಸಿ ಮಾಡುವಾಗ ತೆಗೆದ ರೋಗಿಗಳ ಶ್ವಾಸಕೋಶದಿಂದ ಬಂದ ಸೆಲ್ಲುಗಳನ್ನು ರಂಧ್ರದ ಫಿಲ್ಟರ್ ಮೇಲೆ, ಕೆಳಗೆ ಆಹಾರ, ಮೇಲೆ ಗಾಳಿ ಇರುವಂತೆ ಮೂರ್ನಾಲ್ಕು ವಾರ ಬೆಳೆಸುತ್ತಾರೆ. ಆಗ ಅವುಗಳಿಗೆ ಕೂದಲಿನಂಥ ಸಿಲಿಯಾ ಮೂಡುತ್ತವೆ. ಮೈಕ್ರೋಸ್ಕೋಪಿನಲ್ಲಿ ಮೊದಲ ಸಲ ನೋಡಿದಾಗ ಗಾಳಿಗೆ ಆಡುವ ಜೋಳದ ಹೊಲ ನೆನಪಾಯಿತು. ಎಷ್ಟು ಹೊತ್ತು ನೋಡುತ್ತಾ ಕೂತೆ ಅಂದರೆ ಊಟದ ಮೆಸ್ ಮುಚ್ಚಿಹೋಗಿತ್ತು.

ಕ್ರಮ ಹೀಗೆ: ಮೊದಲು ಅಮಿಲೋರೈಡ್ ಹಾಕಿ ಸೋಡಿಯಂ ದಾರಿ ಮುಚ್ಚಿ, ಕರೆಂಟ್ ಇಳಿಯುತ್ತದೆ. ಫೋರ್ಸ್ಕೋಲಿನ್ ಹಾಕಿ, ಏರುತ್ತದೆ. ಪೊಟೆನ್ಶಿಯೇಟರ್ ಹಾಕಿ, ಇನ್ನಷ್ಟು ಏರುತ್ತದೆ. ಕೊನೆಗೆ ಐಎನ್ಎಚ್-172, ಬೀಳಬೇಕು. ಆ ಕೊನೆಯ ಬೀಳುವಿಕೆಯೇ ನಿಮ್ಮ ನಿಜವಾದ ಅಂಕಿ. ಕರೆಕ್ಟರ್ ಆದರೆ ಜೊತೆಗೆ ಪ್ರೋಟೀನನ್ನು ಗಾತ್ರದ ಪ್ರಕಾರ ಪಟ್ಟಿಗಳಾಗಿ ತೋರಿಸುವ ವೆಸ್ಟರ್ನ್ ಬ್ಲಾಟ್ ಮಾಡಿ. ಅರೆಬೆಂದ ಪ್ರೋಟೀನ್ ಬಿ ಪಟ್ಟಿ, ಪೂರ್ತಿ ತಯಾರಾದದ್ದು ಅದರ ಮೇಲಿನ ಸಿ ಪಟ್ಟಿ. ಸಿ ದಪ್ಪವಾಗಬೇಕು.

ಎರಡು ಔಷಧಿ ಒಟ್ಟಿಗೆ ಕೊಡುವುದಾದರೆ ಕಾಲು ಗಂಟೆಯ ಪರೀಕ್ಷೆ ಸಾಲದು, ಇಡೀ ದಿನ ಇಟ್ಟು ನೋಡಿ. ಐವಾಕಾಫ್ಟರ್ ಬಹಳ ಹೊತ್ತು ಇದ್ದರೆ ಲುಮಾಕಾಫ್ಟರ್ ಸರಿಮಾಡಿದ ಎಫ್508ಡೆಲ್ ಪ್ರೋಟೀನ್ ಮತ್ತೆ ಸಡಿಲವಾಗುತ್ತದೆ ಎಂದು 2014ರಲ್ಲಿ ಎರಡು ಗುಂಪುಗಳು ತೋರಿಸಿದವು.

ನಮ್ಮ ಕಡೆಯ ರೋಗಿಗಳು

ಭಾರತದಲ್ಲಿ ಈ ರೋಗ ಇಲ್ಲವೇ ಇಲ್ಲ ಅಂತ ಬಹಳ ಕಾಲ ನಂಬಿದ್ದರು. ಇದೆ. ಆದರೆ ಎಫ್508ಡೆಲ್ ಪಾಲು ಯುರೋಪಿಗಿಂತ ಇಲ್ಲಿ ಕಡಿಮೆ. ಈ ಜೀನಿನಲ್ಲಿ 2000ಕ್ಕೂ ಹೆಚ್ಚು ಬದಲಾವಣೆಗಳು ದಾಖಲಾಗಿವೆ, ಅಪರೂಪದವುಗಳ ಮೇಲೆ ದೊಡ್ಡ ಟ್ರಯಲ್ ಮಾಡಲು ರೋಗಿಗಳೇ ಸಿಗುವುದಿಲ್ಲ. ಇಲ್ಲಿ ನಮ್ಮ ಎಫ್‌ಆರ್‌ಟಿ ಸೆಲ್ ಮತ್ತೆ ಕೆಲಸಕ್ಕೆ ಬಂತು. ಒಂದೊಂದು ಬದಲಾವಣೆಯನ್ನು ಒಂದೊಂದು ಸೆಲ್ಲಿಗೆ ಹಾಕಿ, ಐವಾಕಾಫ್ಟರ್ ಕೊಟ್ಟು, ಕ್ಲೋರೈಡ್ ಸಾಗಣೆ ಸಹಜದ ಶೇಕಡಾ 10ರಷ್ಟಾದರೂ ಏರಿತೇ ಎಂದು ನೋಡಿದರು. ಆ ಲ್ಯಾಬ್ ಅಂಕಿಗಳ ಮೇಲೆ 2017ರ ಮೇನಲ್ಲಿ ಅಮೆರಿಕದ ಎಫ್‌ಡಿಎ (ಔಷಧಿ ನಿಯಂತ್ರಣ ಸಂಸ್ಥೆ) ಐವಾಕಾಫ್ಟರ್ ಕೊಡಬಹುದಾದ ಬದಲಾವಣೆಗಳ ಪಟ್ಟಿಗೆ ಇನ್ನೂ 23ನ್ನು ಸೇರಿಸಿತು.

ರೋಗಿಯದೇ ಸೆಲ್ ಬೇಕೆಂದರೆ ಆರ್ಗನಾಯ್ಡ್ ಇದೆ. ಗುದನಾಳದ ಒಳಪದರದಿಂದ ಸಾಸಿವೆಗಿಂತ ಚಿಕ್ಕ ಚೂರು ತೆಗೆದು ಬೆಳೆಸಿದರೆ ಪುಟ್ಟ ಪುಟ್ಟ ಗುಳ್ಳೆಗಳಾಗುತ್ತವೆ. ಫೋರ್ಸ್ಕೋಲಿನ್ ಹಾಕಿದಾಗ ಸಿಎಫ್‌ಟಿಆರ್ ಸರಿ ಇದ್ದರೆ ನೀರು ಒಳಗೆ ಹರಿದು ಒಂದು ಗಂಟೆಯೊಳಗೆ ಪೂರಿಯ ಹಾಗೆ ಉಬ್ಬುತ್ತವೆ. ಕೆಟ್ಟಿದ್ದರೆ ಉಬ್ಬುವುದಿಲ್ಲ. ಔಷಧಿ ಕೊಟ್ಟ ಮೇಲೆ ಉಬ್ಬಿದರೆ ಆ ರೋಗಿಗೆ ಅದು ಹಿಡಿಸಬಹುದು. ನೆದರ್ಲೆಂಡ್ಸಿನ ಉಟ್ರೆಕ್ಟ್‌ನ ಗುಂಪು 2013ರಲ್ಲಿ ಇದನ್ನು ತೋರಿಸಿತು.

ಇಷ್ಟು ಹೇಳುವ ಹೊತ್ತಿಗೆ ಕರೆಂಟ್ ಬಂತು. ಹುಡುಗಿ ಎದ್ದು ಹೊರಟಳು. ಮೆಟ್ಟಿಲ ಬಳಿ ನಿಂತು, "ಅಕ್ಕಾ, ಹೋಗುವಾಗ ಏನಾದರೂ ತಗೊಂಡು ಹೋಗ್ಬೇಕಾ?" ಅಂದಳು. ಪೆನ್ಸಿಲ್ ತಗೊಂಡು ಹೋಗು ಅಂದೆ. ಡಿಎಂಎಸ್‌ಒ ಒಂದು ಹನಿ ಬಿದ್ದರೂ ಮಾರ್ಕರ್ ಬರಹ ಕಲಸಿಹೋಗುತ್ತದೆ. ಸೆಲ್ಲಿನ ಪಾಸೇಜ್ ನಂಬರ್ (ಎಷ್ಟು ಸಲ ಹಂಚಿ ಹೊಸದಾಗಿ ಬೆಳೆಸಿದ್ದು ಎಂಬ ಲೆಕ್ಕ), ಯಾವ ದಿನದ ಅಯೋಡೈಡ್, ಇನ್‌ಕ್ಯುಬೇಟರಿನ ತಟ್ಟೆಯಲ್ಲಿ ನೀರು ಇತ್ತೋ ಇಲ್ಲವೋ, ಎಲ್ಲ ಪೆನ್ಸಿಲಿನಲ್ಲಿ ಬರೆದಿಡು.